ಹದಿನೇಳನೇ ಗೂಡು, ಹದಿನೆಂಟನೇ ಗೂಡು

ಅಂಚೆ ವಿಂಗಡಣೆ ಕಚೇರಿಯಲ್ಲಿ ಅವಳಿಗೆ ಗೂಡಕ್ಕ ಅಂತಲೇ ಹೆಸರು. ಸೊಂಟದ ಮಟ್ಟದಿಂದ ತಲೆಯ ಮೇಲಿನವರೆಗೆ ಮರದ ಗೂಡುಗಳು, ಒಟ್ಟು ನಲವತ್ತೆಂಟು, ಒಂದೊಂದು ಗೂಡಿಗೆ ಒಂದೊಂದು ಊರು. ಅವುಗಳ ಮುಂದೆ ನಿಂತು ಮೂವತ್ತೊಂದು ವರ್ಷ ಅವಳು ಕಾಗದ ಎಸೆದಿದ್ದಾಳೆ. ಎಸೆಯುವುದು ಅಂದರೆ ನಿಜಕ್ಕೂ ಎಸೆಯುವುದೇ. ಎಡಗೈಯಲ್ಲಿ ಕಟ್ಟು, ಬಲಗೈ ಹೆಬ್ಬೆರಳಿನ ಒಂದು ಚಿಮ್ಮು, ಅಷ್ಟೇ, ಕಾಗದ ತನ್ನ ಊರು ಸೇರಿತು. ವಿಳಾಸದಲ್ಲಿ ಊರು ತಪ್ಪಿದ್ದರೆ ಕಿವಿಗೆ ಸಿಕ್ಕಿಸಿಕೊಂಡ ನೀಲಿ ಪೆನ್ಸಿಲ್ ತೆಗೆದು ಸರಿಯಾದ ಊರು ಬರೆದು, ಪಕ್ಕದಲ್ಲಿ ಉದ್ದ ಬಾಲದ ಒಂದು ಗುರುತು ಎಳೆಯುವಳು.

ಊರುಗಳ ಹೆಸರು ಅವಳ ಬಾಯಲ್ಲಿ ಬರುವುದೇ ಇಲ್ಲ. ಎಲ್ಲಾ ನಂಬರು. "ಇಪ್ಪತ್ತಾರರಲ್ಲಿ ಯಾರದೋ ಮದುವೆ ಕಣೇ, ಒಂದೇ ದಿನ ನೂರು ಲಕೋಟೆ." "ಒಂಬತ್ತರಲ್ಲಿ ಒಬ್ಬ ಇದ್ದಾನೆ, ಕೋರ್ಟಿನಿಂದ ಬಿಟ್ಟು ಬೇರೆಲ್ಲಿಂದಲೂ ಅವನಿಗೆ ಕಾಗದ ಬರಲ್ಲ." ಇಷ್ಟು ಬಲ್ಲವಳು ಆ ನಲವತ್ತೆಂಟರಲ್ಲಿ ಎಷ್ಟು ಊರು ಕಣ್ಣಾರೆ ಕಂಡಿದ್ದಾಳೆ ಅಂತೀರಿ? ಎರಡು. ಹುಟ್ಟಿದ್ದು ಒಂದು, ಸಂಬಳ ಕೊಡುವುದು ಒಂದು.

ಅವಳ ತಂಗಿ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವಳು. ಅಕ್ಕನ ಗಂಡ ತೀರಿಕೊಂಡ ಮೇಲೆ ಇಬ್ಬರೂ ಒಂದೇ ಮನೆ. ಎರಡು ಕೋಣೆ, ಬಾಗಿಲ ಹಿಂದೆ ಎರಡು ಸೈಕಲ್ಲು. ಭಾನುವಾರ ಬಂತೆಂದರೆ ಊರಾಚೆ ತುಳಿದುಕೊಂಡು ಹೋಗಿಬಿಡುತ್ತಿದ್ದರು. ಅಕ್ಕ ನಿವೃತ್ತಳಾಗುವುದರೊಳಗೆ ಒಂದು ಸಲ ಗೂಡಿನ ಊರುಗಳನ್ನು ಸೈಕಲ್ಲಿನಲ್ಲೇ ನೋಡಿಬರುವುದು ಅಂತ ಮಾತೂ ಆಗಿತ್ತು. ತಂಗಿಗೆ ಒಂದು ಚಟ. ಇಳಿಜಾರು ಸಿಕ್ಕರೆ ಸಾಕು, ಕಾಲು ಎರಡೂ ಕಡೆ ಚಾಚಿ, "ಹೋ" ಅಂತ ಕೂಗು ಹಾಕಿಕೊಂಡೇ ಇಳಿಯಬೇಕು. ಏಳನೇ ವಯಸ್ಸಿನ ಕೂಗು, ಐವತ್ತಕ್ಕೂ ಬಿಟ್ಟಿರಲಿಲ್ಲ.

ಎರಡು ವರ್ಷದ ಹಿಂದೆ ಸೇತುವೆಯ ಇಳಿಜಾರಲ್ಲಿ, ಆ ಕೂಗಿನ ನಡುವೆಯೇ, ಮುಂದಿನ ಚಕ್ರ ಜಲ್ಲಿಗೆ ಸಿಕ್ಕಿತು. ಕೊರಳೆಲುಬು ಮುರಿಯಿತು, ಎರಡು ಹಲ್ಲು ಹೋದವು. ಎಲುಬು ಕೂಡಿತು, ಹಲ್ಲು ಕಟ್ಟಿಸಿದ್ದಾಯಿತು, ಕೂಗು ಮಾತ್ರ ಹಿಂದಿರುಗಲಿಲ್ಲ. ಆವತ್ತಿನಿಂದ ತಂಗಿ ಏರನ್ನು ಏದುಸಿರು ಬಿಡುತ್ತಾ ತುಳಿಯುತ್ತಾಳೆ, ಇಳಿಜಾರು ಬಂದ ಕೂಡಲೇ ಸೈಕಲ್ ಇಳಿದು ತಳ್ಳಿಕೊಂಡು ನಡೆಯುತ್ತಾಳೆ. ನೋಡಿದವರು ನಗುತ್ತಾರೆ. ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡರೆ ನಗದೆ ಇನ್ನೇನು ಮಾಡುತ್ತಾರೆ? ಆದರೆ ಗೂಡಕ್ಕನಿಗೆ ನಗು ಬರುತ್ತಿರಲಿಲ್ಲ. ಆ ಕೂಗು ಇನ್ನೊಂದು ಸಲ ಕೇಳದೆ ಹೋಗಿಬಿಡುತ್ತೇನೇನೋ ಅನ್ನುವ ಸಂಕಟ ಅವಳದು.

ಹೀಗಿರುವಾಗ ಒಂದು ಸಂಜೆ ತಂಗಿ ಅಂಗಡಿಯಿಂದ ಬಣ್ಣಬಣ್ಣದ ಹಾಳೆ ತಂದಳು. ಆರು ದಿನದ 'ಸಾಹಸ ಸವಾರಿ'. ದಾರಿಯುದ್ದಕ್ಕೂ ಬಾಣದ ಗುರುತು, ಮಲಗಲು ಡೇರೆ, ಹಿಂದೆ ಡಾಕ್ಟರು ಕೂತ ವ್ಯಾನು, ಕೊನೆಗೆ ಕೊರಳಿಗೊಂದು ಪದಕ. ಕೆಳಗೆ ಚಿಕ್ಕ ಅಕ್ಷರದಲ್ಲಿ ಶುಲ್ಕ. ಗೂಡಕ್ಕ ಕನ್ನಡಕ ಏರಿಸಿ ಓದಿದಳು, ಇಳಿಸಿ ಓದಿದಳು. ಒಬ್ಬರಿಗೆ ಅವಳ ಎರಡೂವರೆ ತಿಂಗಳ ಸಂಬಳ. ಸೈಕಲ್ಲಿಗೆ ಕಟ್ಟುವ ಚೀಲಗಳು ಬೇರೆ, ಅವನ್ನೂ ಅವರ ಹತ್ತಿರವೇ ಕೊಳ್ಳಬೇಕು.

"ಅಯ್ಯಯ್ಯೋ! ಬಿಸಿಲು ಇವರದಾ, ರಸ್ತೆ ಇವರದಾ? ತುಳಿಯೋ ಕಾಲು ನಮ್ಮದು, ಬೆವರು ನಮ್ಮದು. ಇನ್ನು ಇವರು ಮಾರೋದೇನು, ಬಾಣದ ಗುರುತಾ?"

"ವ್ಯಾನ್ ಇರುತ್ತಕ್ಕ," ಅಂದಳು ತಂಗಿ. ದನಿ ಸಣ್ಣದಾಗಿತ್ತು. "ಏರು ನಾನೇ ತುಳೀತೀನಿ. ಇಳಿಜಾರು ಬಂದಾಗ ವ್ಯಾನ್ ಹತ್ತಿಬಿಡ್ತೀನಿ. ಹಾಗಾದ್ರೂ ನಾವು ಹೋಗಿಬಂದ ಹಾಗಾಗುತ್ತೆ."

"ಹತ್ತೋ ಕಷ್ಟಕ್ಕೂ ದುಡ್ಡು ಕೊಟ್ಟು, ಇಳಿಯೋ ಸುಖ ಬಿಡೋಕೂ ದುಡ್ಡು ಕೊಡ್ತೀಯಾ? ಶಂಖದಿಂದ ಬಂದರೇ ತೀರ್ಥ ಅಂತ ಯಾರೇ ನಿನಗೆ ಹೇಳಿದ್ದು?"

ತಂಗಿ ಹಾಳೆ ಮಡಿಸಿದಳು, ಬಿಸಾಡಲಿಲ್ಲ. ಅರ್ಜಿಗೆ ಸೋಮವಾರ ಕೊನೆಯ ದಿನ. ಗೂಡಕ್ಕ ಹಿಡಿದ ಮೊಲಕ್ಕೆ ಯಾವತ್ತೂ ಮೂರೇ ಕಾಲು. ಅವಳು ಅಲ್ಲೇ ಪಂಥ ಕಟ್ಟಿದಳು. "ಶುಕ್ರವಾರ, ಶನಿವಾರ ರಜ ಹಾಕ್ತೀನಿ. ಭಾನುವಾರ ಹೇಗೂ ನಮ್ಮದು. ಮೂರು ದಿನ ನನ್ನ ಜೊತೆ ಬಾ. ದಾರೀಲಿ ನೀನು ಒಂದೇ ಒಂದು ಸಲ 'ವ್ಯಾನ್ ಇರಬೇಕಿತ್ತು' ಅಂದ್ರೆ, ನಮ್ಮಿಬ್ಬರ ಶುಲ್ಕಾನೂ ನಾನೇ ಕಟ್ತೀನಿ. ಅನ್ನಲಿಲ್ಲ ಅಂದ್ರೆ ಆ ಹಾಳೇಲಿ ಗಾಜು ಒರೆಸು."

ಚೀಲಕ್ಕೆ ಅವಳು ಅಂಗಡಿಗೆ ಹೋಗಲಿಲ್ಲ. ಕಚೇರಿಯ ಹರಾಜಿನಲ್ಲಿ ತೂಕಕ್ಕೆ ಕೊಂಡಿದ್ದ ಹಳೆಯ ಅಂಚೆ ಚೀಲಗಳನ್ನು ಕತ್ತರಿಸಿ, ಎರಡು ಸಂಜೆಯಲ್ಲಿ ಆರು ಚೀಲ ಹೊಲಿದಳು. "ಲೋಕದ ಸುಖದುಃಖ ಎಲ್ಲಾ ಹೊತ್ತ ಬಟ್ಟೆ ಇದು. ನಮ್ಮ ನಾಲ್ಕು ಜೊತೆ ಬಟ್ಟೆ ಏನು ಮಹಾ!" ದಾರಿಗೆ ನಕ್ಷೆಯನ್ನೂ ನೋಡಲಿಲ್ಲ. "ನಕ್ಷೆ ಯಾಕೆ? ಗೂಡುಗಳು ಸಾಲಾಗಿ ನನ್ನ ತಲೇಲೇ ಇವೆ. ಹನ್ನೆರಡರಿಂದ ಶುರು, ಹದಿನೆಂಟರಲ್ಲಿ ರೈಲು ಹತ್ತಿ ಮನೆಗೆ." ಹದಿನೆಂಟಕ್ಕೆ ರೈಲುಚೀಲ ಹೋಗುತ್ತದೆ, ದಿನಕ್ಕೆ ಒಂದೇ ಒಂದು ಗಾಡಿ, ಹನ್ನೊಂದು ಗಂಟೆಗೆ ಅದೇ ಅಲ್ಲಿಂದ ತಿರುಗಿ ಹೊರಡುತ್ತದೆ. ಇದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಶುಕ್ರವಾರವೆಲ್ಲ ಅವಳದೇ ರಾಜ್ಯ. ಹನ್ನೆರಡಾದ ಮೇಲೆ ಹದಿಮೂರು, ಹದಿಮೂರಾದ ಮೇಲೆ ಹದಿನಾಲ್ಕು, ಎಲ್ಲ ಸಾಲಾಗಿಯೇ ಬಂದವು. ಪ್ರತಿ ಊರಲ್ಲೂ ಅವಳ ಕುತ್ತಿಗೆ ಇನ್ನಷ್ಟು ನೆಟ್ಟಗಾಯಿತು. "ನೋಡೇ, ಈ ಹಸಿರು ಗೇಟಿನವರೇ ಇರಬೇಕು, ತಿಂಗಳಿಗೊಂದು ಬೀಜದ ಪೊಟ್ಟಣ ತರಿಸೋರು!" ಒಂದು ಶಾಲೆಯ ಜಗಲಿಯಲ್ಲಿ ಕೇಳಿ ಮಲಗಿದರು, ಬಾವಿಯಲ್ಲಿ ನೀರು ಸೇದಿಕೊಂಡರು. ಇಳಿಜಾರು ಬಂದಾಗಲೆಲ್ಲ ತಂಗಿ ಇಳಿದು ನಡೆದಳು. ಗೂಡಕ್ಕನೂ ಇಳಿದು ಪಕ್ಕದಲ್ಲೇ ನಡೆದಳು.

ಶನಿವಾರ ಮಧ್ಯಾಹ್ನ ಹದಿನೇಳು. ರಸ್ತೆ ಅಲ್ಲಿಯ ಅಂಚೆ ಕಚೇರಿಯ ಮುಂದೆ ಬಂದು ನಿಂತಿತು. ನಿಂತಿತು ಅಂದರೆ ಮುಗಿಯಿತು. ಕಟ್ಟಡದ ಹಿಂದೆಯೇ ಗುಡ್ಡ. ಪುಟ್ಟ ಕಚೇರಿ, ಒಳಗೆ ಪೋಸ್ಟ್ ಮಾಸ್ತರು ಒಬ್ಬರೇ ಮುದ್ರೆ ಒತ್ತುತ್ತಿದ್ದರು. ಗೂಡಕ್ಕ ಒಂದು ಚೀಟಿಯಲ್ಲಿ ಹದಿನೆಂಟರ ಹೆಸರು ಬರೆದು ತೋರಿಸಿ ದಾರಿ ಕೇಳಿದಳು.

"ಅಲ್ಲಿಗೆ ಇಲ್ಲಿಂದ ಯಾಕಮ್ಮಾ ಬಂದ್ರಿ? ಅದು ಗುಡ್ಡದ ಆಚೆ. ರಸ್ತೆ ಹಿಡಿದು ಸುತ್ತಿ ಹೋದರೆ ಎರಡು ದಿನ."

"ಅದು ಪಕ್ಕದ ಗೂಡು!" ಅಂದಳು ಗೂಡಕ್ಕ. ಅಂದ ಕೂಡಲೇ ಅವಳಿಗೇ ಹೊಳೆಯಿತು. ಹನ್ನೆರಡರಿಂದ ಹದಿನೇಳರವರೆಗಿನ ಚೀಲ ಒಂದೇ ಲಾರಿಗೆ, ಹದಿನೆಂಟರ ಚೀಲ ರೈಲಿಗೆ. ಎರಡಕ್ಕೂ ಬಾಯಿ ಕಟ್ಟುವ ಹೊತ್ತು ಒಂದೇ, ಬೆಳಗಿನ ಆರೂವರೆ. ಅದಕ್ಕೇ ಅವು ಅಕ್ಕಪಕ್ಕ. ಗೂಡುಗಳನ್ನು ಜೋಡಿಸಿದವರು ಗಡಿಯಾರ ನೋಡಿ ಜೋಡಿಸಿದ್ದರು, ಊರು ನೋಡಿ ಅಲ್ಲ. ಮೂವತ್ತೊಂದು ವರ್ಷ ಅಕ್ಕಪಕ್ಕ ಕೂತ ಊರುಗಳ ನಡುವೆ ಒಂದು ಇಡೀ ಗುಡ್ಡ ಇದ್ದದ್ದು ಅವಳಿಗೆ ಗೊತ್ತೇ ಇರಲಿಲ್ಲ. ಮೆಟ್ಟಿಲ ಮೇಲೆ ತಲೆಗೆ ಕೈಹೊತ್ತು ಕೂತುಬಿಟ್ಟಳು. ನಾಚಿಕೆಗೆ ಕಿವಿ ಕೆಂಪಾಗಿತ್ತು. ಈಗ ತಂಗಿ ಆ ಮಾತು ಅನ್ನುತ್ತಾಳೆ, ಅನ್ನದೆ ಬಿಡುತ್ತಾಳೆಯೇ ಅಂದುಕೊಂಡಳು. ತಂಗಿ ನೀರಿನ ಬಾಟಲಿ ಅಕ್ಕನ ಕೈಗಿತ್ತಳು.

ಮಾಸ್ತರು ಮಾತ್ರ ಗೂಡಕ್ಕನ ಕಿವಿಯನ್ನೇ ನೋಡುತ್ತಿದ್ದರು, ಅಲ್ಲಿದ್ದ ನೀಲಿ ಪೆನ್ಸಿಲನ್ನು. ರಜದಲ್ಲೂ ಅದು ಅಲ್ಲೇ. "ಅಮ್ಮಾ, ನೀವು ವಿಂಗಡಣೆಯವರಾ? ಈ ಚೀಟಿ ಮೇಲೆ ಒಂದು ಗುರುತು ಹಾಕಿ ನೋಡೋಣ." ಅವಳು ಬೇಸರದಲ್ಲೇ ಎಳೆದಳು. ಬಾಲ ಚೀಟಿಯ ಅಂಚಿನವರೆಗೂ ಹೋಯಿತು.

"ಅಯ್ಯೋ ದೇವರೇ, ಬಾಲದವರು ನೀವೇನಾ!" ಮಾಸ್ತರು ಕುರ್ಚಿ ಬಿಟ್ಟು ಎದ್ದರು. "ನನಗೆ ಕೆಲಸ ಸಿಕ್ಕ ಕಾಗದಕ್ಕೇ ಊರು ತಪ್ಪು ಬರೆದಿದ್ದರು. ಈ ಬಾಲ ಇರಲಿಲ್ಲ ಅಂದಿದ್ರೆ ಅದು ಎಲ್ಲೋ ಕೊಳೀತಾ ಇರ್ತಿತ್ತು, ನಾನೂ ಕೊಳೀತಾ ಇರ್ತಿದ್ದೆ."

ಆಮೇಲೆ ಕೇಳಬೇಕೇ? ಹಿಂದಿನ ಕೋಣೆಯ ಬೀಗ ತೆಗೆದರು, ಹಾಸಿಗೆ ಬಂತು, ಚಹಾ ಎರಡೆರಡು ಸಲ ಬಂತು. ಹಿಂದೆ ಅಂಚೆಯವರು ಚೀಲ ಹೊತ್ತು ದಾಟುತ್ತಿದ್ದ ಕಾಲುದಾರಿ ಒಂದಿದೆಯಂತೆ. ಬೆಳಗ್ಗೆ ಮಾಸ್ತರೇ ತಂಗಿಯ ಸೈಕಲ್ಲನ್ನು ಹೆಗಲ ಮೇಲಿಟ್ಟುಕೊಂಡು ಗುಡ್ಡ ಹತ್ತಿದರು. ಡಾಕ್ಟರ ವ್ಯಾನಿಗೂ ಇಷ್ಟು ಮರ್ಯಾದೆ ತಿಳಿಯದು ಅಂತ ಗೂಡಕ್ಕ ಒಳಗೊಳಗೇ ಬೀಗಿದಳು. ನೆತ್ತಿ ತಲುಪಿದಾಗ ಹತ್ತೂಕಾಲು. ಮಾಸ್ತರು ಆಚೆ ಬದಿ ತೋರಿಸಿ ಹಿಂದಿರುಗಿದರು.

ಆಚೆ ಬದಿಯಲ್ಲಿ ಹೊಸ ಟಾರು ರಸ್ತೆ. ತಿರುವಿನ ಮೇಲೆ ತಿರುವು, ಏಳು ಕಿಲೋಮೀಟರ್ ಬರೀ ಇಳಿಜಾರು. ಕೆಳಗೆ ಹದಿನೆಂಟು, ರೈಲುನಿಲ್ದಾಣದ ತಗಡಿನ ಮಾಡು ಹೊಳೆಯುತ್ತಿತ್ತು. ತುಳಿಯದೆಯೇ ಕಾಲು ಗಂಟೆಯ ದಾರಿ. ನಡೆದರೆ ಒಂದೂವರೆ ಗಂಟೆ, ರೈಲು ಹೋಗಿಯೇ ಹೋಯಿತು.

ತಂಗಿಯ ಮುಖ ಬಿಳಿಚಿತ್ತು. "ಅಕ್ಕಾ," ಅಂದಳು. "ವ್ಯಾನ್ ಇರಬೇಕಿತ್ತು ಕಣಕ್ಕ."

ಗೂಡಕ್ಕನಿಗೆ ಸಂಕಟವಾಯಿತು. ಪಂಥ ಹೋಯಿತು ಅಂತಲ್ಲ. ಆ ದನಿಯಲ್ಲಿ ಏಳು ವರ್ಷದ ಹುಡುಗಿ ಇರಲಿಲ್ಲ, ಅದಕ್ಕೆ. "ಆಯ್ತು ಬಿಡು, ಸೋತೆ. ನಾಳೆ ಅರ್ಜಿ ತುಂಬೋಣ. ಈಗ ಮೆಲ್ಲಗೆ ನಡಿ, ನಡ್ಕೊಂಡೇ ಇಳಿಯೋಣ. ರೈಲು ಹೋದ್ರೆ ಹೋಗಲಿ."

ನೂರು ಹೆಜ್ಜೆ ನಡೆದರು. ಬ್ರೇಕು ಹಿಡಿದ ಸೈಕಲ್ಲುಗಳು ಕುಂಯ್ ಕುಂಯ್ ಅನ್ನುತ್ತಿದ್ದವು.

"ನಾಳೆ ನೀನು ಕೆಲಸಕ್ಕೆ ಹೋಗದಿದ್ರೆ?" ಅಂತ ಕೇಳಿದಳು ತಂಗಿ.

"ಏನಾಗುತ್ತೆ? ಒಂದು ದಿನ ಕಾಗದ ಕಾಯುತ್ತವೆ."

"ಮೂವತ್ತೊಂದು ವರ್ಷದಲ್ಲಿ ಒಂದು ದಿನಾನೂ ಕಾಯಿಸಿಲ್ಲ ನೀನು."

ತಂಗಿ ನಿಂತಳು. ಕನ್ನಡಕ ತೆಗೆದು ಸೆರಗಿನ ತುದಿಯಲ್ಲಿ, ಅಂಗಡಿಯಲ್ಲಿ ಗಿರಾಕಿಗೆ ಒರೆಸಿಕೊಡುವ ಹಾಗೆ, ಎರಡೂ ಗಾಜು ನಿಧಾನವಾಗಿ ಒರೆಸಿ ಹಾಕಿಕೊಂಡಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಸೀಟಿನ ಮೇಲೆ ಕೂತಳು. "ಹಿಂದೆಯೇ ಬಾ," ಅಂದು ಹೊರಟೇಬಿಟ್ಟಳು.

ಈಗ ಹೆದರಿಕೆಯ ಸರದಿ ಗೂಡಕ್ಕನದು. ಮೊದಲ ತಿರುವಿನಲ್ಲಿ ತಂಗಿ ಕಾಲು ನೆಲಕ್ಕೆ ಉಜ್ಜಿಕೊಂಡೇ ಹೋದಳು. ಎರಡನೆಯದರಲ್ಲಿ ಹಿಂದಿನ ಚಕ್ರ ಕೊಂಚ ಜಾರಿತು, ಗೂಡಕ್ಕ "ಅಮ್ಮಾ" ಅಂದುಬಿಟ್ಟಳು. ಮೂರು ದಾಟಿತು, ನಾಲ್ಕು ದಾಟಿತು. ಐದನೆಯ ತಿರುವಿನ ಆಚೆ ನೇರ ರಸ್ತೆ ಸಿಕ್ಕಿತು. ತಂಗಿಯ ಕಾಲುಗಳು ಎರಡೂ ಕಡೆಗೆ ಚಾಚಿಕೊಂಡವು, "ಹೋ" ಅನ್ನುವ ಕೂಗು ಗುಡ್ಡಕ್ಕೆ ಬಡಿದು ತಿರುಗಿ ಬಂತು. ಗೂಡಕ್ಕ ಅಳುತ್ತಾ, ಮೂಗು ಒರೆಸಿಕೊಳ್ಳಲು ಕೈ ಬಿಡಲಾರದೆ, ಹಾಗೇ ಇಳಿದಳು.

ನಿಲ್ದಾಣದಲ್ಲಿ ಬೆಂಚಿನ ಮೇಲೆ ಕೂತಾಗ ಹತ್ತು ಮುಕ್ಕಾಲು. ಗೂಡಕ್ಕ ಕೈ ಚಾಚಿದಳು. "ಕೊಟ್ಟ ಮಾತು ಮಾತೇ. ಆ ಹಾಳೆ ಕೊಡು, ಅರ್ಜಿ ತುಂಬ್ತೀನಿ."

"ಯಾವ ಅರ್ಜಿ?" ಅಂದಳು ತಂಗಿ. ಇನ್ನೂ ಏದುಸಿರು. "ಮೇಲೆ ವ್ಯಾನ್ ಇದ್ದಿದ್ರೆ ನಾನು ಹತ್ತಿ ಕೂತ್ಬಿಡ್ತಿದ್ದೆ ಕಣಕ್ಕ."

ಬ್ರೇಕು ಹಿಡಿದು ಹಿಡಿದು ಅವಳ ಬೆರಳುಗಳು ಮಡಚಿದ ಹಾಗೇ ಸೆಟೆದುಕೊಂಡಿದ್ದವು. ಗೂಡಕ್ಕ ಆ ಕೈಗಳನ್ನು ತನ್ನ ಮಡಿಲಿಗೆ ಎಳೆದುಕೊಂಡು, ಒಂದೊಂದೇ ಬೆರಳು ಬಿಡಿಸಿ, ರೈಲು ಬರುವವರೆಗೂ ಉಜ್ಜುತ್ತಾ ಕೂತಳು.