ನೂರಕ್ಕೆ ಒಂದು ಕಡಿಮೆ

ಗದಗಿನ ಶಾಲೆಯೊಂದರಲ್ಲಿ ನಾನು ಮಾಸ್ತರನಾಗಿದ್ದೆ. ಭಾನುವಾರ ಬಂದರೆ ಫುಟ್ಬಾಲ್. ಮೈದಾನದ ನಡುವೆ ನಿಂತು ಮುಂದಿನವರಿಗೆ ಚೆಂಡು ಒದಗಿಸುವುದು ನನ್ನ ಕೆಲಸ. ಗೋಲು ಹೊಡೆಯುವವನು ಬೆಟಗೇರಿಯ ನೇಕಾರ ಗೆಳೆಯ. ಸ್ವಾತಂತ್ರ್ಯಕ್ಕೆ ಮೊದಲು, ಲಕ್ಷ್ಮೇಶ್ವರ ಇನ್ನೂ ಸಂಸ್ಥಾನಕ್ಕೆ ಸೇರಿದ್ದಾಗ, ಅಲ್ಲಿಗೆ ಆಡಲು ಹೋದ ದಿನದಿಂದ ಅವನು ತನ್ನ ಮಗ್ಗದ ಪಕ್ಕದ ಗೋಡೆಗೆ ಇದ್ದಿಲಿನಿಂದ ಗೆರೆ ಎಳೆಯುತ್ತ ಬಂದಿದ್ದನಂತೆ. ನಾನು ಕೊಟ್ಟ ಪಾಸಿನಿಂದ ಆದ ಗೋಲಿಗೊಂದು ಗೆರೆ.

ನನಗದು ಗೊತ್ತಾದದ್ದು ಕರ್ನಾಟಕ ಒಂದಾದ ವರ್ಷ, ಪಂದ್ಯಕ್ಕೆಂದು ಮುಂಡರಗಿಗೆ ಹೊರಟ ಬಸ್ಸಿನಲ್ಲಿ.

"ಮಾಸ್ತರ್ರ, ತೊಂಬತ್ತೊಂಬತ್ತು ಆಗ್ಯಾವ್ರಿ. ಇವತ್ತ ನೂರು ಮಾಡೇಬಿಡೂಣು."

"ಹೊಡದಾಂವ ನೀನು. ನನ್ನ ಲೆಕ್ಕ ಯಾಕೋ?"

"ನಂದು ಊರ ಮಂದಿ ಎಣಸ್ತಾರ್ರಿ. ನಿಮ್ಮದು ಯಾರು ಎಣಸ್ತಾರ?"

ಊದಿದ ಮೊಣಕಾಲನ್ನು ಸೀಟಿನ ಸಂದಿಯಲ್ಲಿ ಚಾಚಲು ಜಾಗ ಹುಡುಕುತ್ತಿದ್ದೆ.

ಅಂದು ಅವನಿಗೆ ಏನಾಗಿತ್ತೋ. ನಾನು ಕೊಟ್ಟ ಮೂರು ಒಳ್ಳೆಯ ಚೆಂಡುಗಳನ್ನು ಅವಸರದಲ್ಲಿ ಹೊರಗೆ ಒದ್ದ. ನಾಲ್ಕನೆಯದನ್ನು ಕುಂಟುತ್ತಲೇ ಮುಂದಕ್ಕೆ ಕಳಿಸಿದೆ. ಗೋಲು ಕಾಯುವವನು ಎದುರಿಗೆ ನುಗ್ಗಿ ಬಂದ. ಗೆಳೆಯ ತಾನು ಹೊಡೆಯದೆ ಪಕ್ಕದವನಿಗೆ ತಳ್ಳಿಬಿಟ್ಟ. ಗೋಲಾಯಿತು. ಆ ಒಂದು ಗೋಲಿನಿಂದಲೇ ಗೆದ್ದೆವು.

ಎಲ್ಲರೂ ಕುಣಿಯುತ್ತಿದ್ದರೆ ಇವನು ಮುಖ ಬಾಡಿಸಿಕೊಂಡು, ಮೊಣಕಾಲು ಹಿಡಿದು ನೆಲಕ್ಕೆ ಕುಳಿತಿದ್ದ ನನ್ನ ಬಳಿಗೆ ಬಂದ.

"ತಪ್ಪಾತ್ರಿ. ನಿಮ್ಮ ನೂರು ನಾನs ತಿಂದ್ನಿ. ಆ ಪಾಸು ನಂದಾತು."

"ತಪ್ಪೇನು ಬಂತಲೇ? ಇಷ್ಟು ವರ್ಷದಾಗ ನೀ ಇನ್ನೊಬ್ಬನಿಗೆ ಚೆಂಡು ಕೊಟ್ಟಿದ್ದು ಇವತ್ತs ನೋಡಿದ್ನಿ. ನಿಂದೂ ಒಂದು ಲೆಕ್ಕ ಶುರು ಆತು. ಬಾ, ಕೈ ಕೊಡು, ಎಬ್ಬಿಸು."

ಅವನು ನಗಲಿಲ್ಲ. ನನ್ನ ತೋಳನ್ನು ಹೆಗಲಿಗೆ ಹಾಕಿಕೊಂಡು ಬಸ್ ನಿಲ್ಲುವ ಕಡೆಗೆ ನಡೆಸಿದ. ನನಗೆ ಬೇಸರವೂ ಇರಲಿಲ್ಲ, ಖುಷಿಯೂ ಇರಲಿಲ್ಲ. ಎಲ್ಲಾದರೂ ಕುಳಿತರೆ ಸಾಕಾಗಿತ್ತು.

ಮುಂದಿನ ಭಾನುವಾರ ಶಿರಹಟ್ಟಿಯ ಪಂದ್ಯಕ್ಕೆ ಕರೆಯಲು ಮನೆಗೆ ಬಂದ.

"ಇದೊಂದು ಆಡ್ರಿ. ಒಂದs ಒಂದು."

ಧೋತರ ಸರಿಸಿ ಮೊಣಕಾಲು ತೋರಿಸಿದೆ. ಅದರ ಮುಂದಿನ ವಾರವೂ ಬಂದ, ಹಾಗೇ ಹೋದ. ಮೂರನೆಯ ಭಾನುವಾರ ಆಟದ ಮಾತನ್ನೇ ಎತ್ತಲಿಲ್ಲ. ಕಟ್ಟೆಯ ಮೇಲೆ ನನ್ನ ಪಕ್ಕ ಕುಳಿತು ಚಹಾ ಕುಡಿದ.