ಲಿಯೊನೆಲ್ ಪೊರ್ಬುವಿನ ಹಳೆ ಬಿಲ್ಲು

ಒರಿಕ್ಸ್ ಜಿಂಕೆಯ ಕೊಂಬು ಹಾಶಿಮನ ತೊಡೆಯೊಳಗೆ ಹೋಗುವಾಗ ಸದ್ದೇ ಆಗಲಿಲ್ಲವಂತೆ. ಹೊರಗೆ ಬರುವಾಗ ಮಾತ್ರ ಒದ್ದೆ ಬಟ್ಟೆ ಹಿಂಡಿದ ಹಾಗೆ ಕೇಳಿತು ಎಂದು ಲಿಯೊನೆಲ್ ಹೇಳಿದ. ಹೇಳುತ್ತಲೇ ತನ್ನ ಬಿಲ್ಲನ್ನು ತಂದು ನನ್ನ ಅಂಗಡಿಯ ಗಾಜಿನ ಮೇಜಿನ ಮೇಲಿಟ್ಟ. ಅದರ ಹಿಡಿಯ ಸಂದಿಯಲ್ಲಿ ರಕ್ತ ಒಣಗಿ ಕಪ್ಪಾಗಿತ್ತು.

"ರಶೀದಾಕ, ಇದನ್ನು ಬಿಸಾಡಿ. ಹೊಸದು ಕೊಡಿ. ಅತಿ ಒಳ್ಳೆಯದು ಯಾವುದು ಉಂಟೋ ಅದು."

ಸತ್ವಾ ಪೇಟೆಯಲ್ಲಿ ಟೈಲರುಗಳ ಸಾಲು ಮುಗಿಯುವಲ್ಲಿ ನನ್ನ ಅಂಗಡಿ. ಟೆಂಟು, ಮೀನಿನ ಗಾಳ, ಟಾರ್ಚು, ಬಿಲ್ಲು ಬಾಣ ಮಾರುತ್ತೇನೆ. ಗಿರಾಕಿ ತಾನಾಗಿ ಬಂದು "ಅತಿ ಒಳ್ಳೆಯದು" ಎಂದು ಬಾಯಿಬಿಟ್ಟರೆ ವ್ಯಾಪಾರದವನ ಕಿವಿಗೆ ಅದಕ್ಕಿಂತ ಇಂಪಾದ ಮಾತಿಲ್ಲ. ಆದರೆ ಲಿಯೊನೆಲ್ ಹಳೆಯ ಪರಿಚಯದವನು. ಹಳೆಯ ಪರಿಚಯದವರಿಗೆ ಮಾರುವುದರಲ್ಲಿ ಒಂದು ಕಷ್ಟವಿದೆ, ಅವರು ಮಾರನೆಯ ತಿಂಗಳೂ ಬರುತ್ತಾರೆ.

ಅವನ ಊರು ಶಿರ್ವ. ಅಬುಧಾಬಿಯ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಮಾಂಸ ಕಡಿಯುವ ಕೆಲಸಕ್ಕೆಂದು ಬಂದವನು. ಹೋಟೆಲಿನ ಹುಲ್ಲುಹಾಸಿನ ಮೇಲೆ ಅತಿಥಿಗಳ ವಿನೋದಕ್ಕೆ ಬಿಲ್ಲು ಇಟ್ಟಿದ್ದರು. ಡ್ಯೂಟಿ ಮುಗಿದ ಮೇಲೆ ಇವನೂ ಎಳೆದು ನೋಡಿದ, ಆಮೇಲೆ ಬಿಡಲಿಲ್ಲ. ಅಲ್ ಐನ್ ದಾರಿಯಲ್ಲಿ, ಮರಳಿಗೆ ಬೇಲಿ ಹಾಕಿ ಆಫ್ರಿಕಾದ ಪ್ರಾಣಿಗಳನ್ನು ಸಾಕಿದ ಒಂದು ಖಾಸಗಿ ಬೇಟೆತೋಟವಿದೆ. ದೇಹದೊಳಗೆ ಎಲ್ಲಿ ಶ್ವಾಸಕೋಶ, ಎಲ್ಲಿ ಕರುಳು ಎಂದು ಕೈಯಿಂದಲೇ ಬಲ್ಲ ಬಿಲ್ಲುಗಾರ ಅವರಿಗೆ ಬೇಕಿತ್ತು. ಇವನನ್ನು ಎತ್ತಿಕೊಂಡು ಹೋದರು.

ಅಲ್ಲಿ ಅತಿಥಿ ಬಾಣ ಬಿಡುತ್ತಾನೆ. ಹತ್ತರಲ್ಲಿ ಒಬ್ಬನ ಬಾಣ ಸರಿಯಾದ ಜಾಗಕ್ಕೆ ಹೋಗುತ್ತದೆ, ಉಳಿದವರದ್ದು ಹೊಟ್ಟೆಗೋ ತೊಡೆಗೋ. ಆಗ ಹಾಶಿಮ್ ಕತ್ತಿ ಹಿಡಿದು ಓಡಬೇಕು. ಹಾಶಿಮ್ ಉಳ್ಳಾಲದ ನಮ್ಮ ಬ್ಯಾರಿ ಹುಡುಗ, ಮೊದಲು ಮುಹೈಸ್ನಾದ ಮಾಂಸದಂಗಡಿಯಲ್ಲಿ ಕುರಿ ಕೊಯ್ಯುತ್ತಿದ್ದ. ಅಲ್ಲಾಹನ ಹೆಸರೆತ್ತಿ ಬಿಸ್ಮಿ ಹೇಳಿ ಬಿಟ್ಟ ಬಾಣವೇ ಸಾಕು ಎಂದು ತಿಳಿದವರು ಹೇಳುತ್ತಾರೆ. ಆದರೆ ನಮ್ಮವರಿಗೆ ಕತ್ತಿ ಆಡದ ಮಾಂಸ ಗಂಟಲಲ್ಲಿ ಇಳಿಯುವುದಿಲ್ಲ, ಜೀವ ಹೋಗುವ ಮೊದಲು ಕೊಯ್ಯಲೇಬೇಕು. ಒರಿಕ್ಸೋ ಎತ್ತಿನಷ್ಟು ಮೈಯದ್ದು, ತಲೆಯ ಮೇಲೆ ಭರ್ಚಿಯಂಥ ಎರಡು ನೇರ ಕೊಂಬು. ಅದು ಎದ್ದು ಹಾಶಿಮನ ಮೇಲೆ ಬಿದ್ದರೆ ಎರಡನೆಯ ಬಾಣದಿಂದ ಕೆಡವುವುದು ಲಿಯೊನೆಲನ ಕೆಲಸ. ಅದಕ್ಕೇ ಅವನಿಗೆ ಸಂಬಳ.

ಒಂದೇ ಷರತ್ತು. ಅತಿಥಿ ತನ್ನ ಬಿಲ್ಲು ಇಳಿಸಿ "ಯಲ್ಲಾ", ಅಂದರೆ ಹೂಂ ನಡಿ, ಎನ್ನುವ ತನಕ ಎರಡನೆಯ ಬಾಣ ಹೊರಡಕೂಡದು. ಕೂಲಿಯವನ ಬಾಣ ತಗುಲಿದ ತಲೆಯನ್ನು ಯಾವ ಮರ್ಯಾದಸ್ಥ ತನ್ನ ಮನೆಯ ಗೋಡೆಗೆ ಹಾಕಿಯಾನು?

"ಯಲ್ಲಾ ಬರಲೇ ಇಲ್ಲ ರಶೀದಾಕ. ನಾನು ಎಳೆದು ಹಿಡಿದು ನಿಂತೆ, ನಿಂತೆ, ಕೈ ನಡುಗಿತು. ಹೆದೆ ಇಳಿಸಿ ಒಂದು ಉಸಿರು ತೆಗೆದುಕೊಂಡೆ. ಆ ಉಸಿರಿನಲ್ಲೇ ಅದು ಹೋಗಿ ಅವನನ್ನು ಚುಚ್ಚಿತು."

"ಹಾಶಿಮ್ ಹೇಗಿದ್ದಾನೆ?"

"ಆಸ್ಪತ್ರೆಯಲ್ಲಿ. ರೆಜಿನಾಳ ವಾರ್ಡಿನಲ್ಲೇ." ರೆಜಿನಾ ಅವನ ಹೆಂಡತಿ, ನರ್ಸು. "ಅವಳು ನನ್ನ ಹತ್ತಿರ ಮಾತಾಡ್ತಾ ಇಲ್ಲ. ಅವನ ಹತ್ತಿರ ಮಾತ್ರ ಮಾತಾಡ್ತಾಳೆ."

ಅವನದ್ದು ಕಾಂಪೌಂಡ್ ಬಿಲ್ಲು, ಅದರ ತುದಿಗಳಲ್ಲಿ ಗಾಲಿ ಇರುತ್ತದೆ. ಎಳೆಯುವಾಗ ಭಾರ. ಪೂರ್ತಿ ಎಳೆದ ಮೇಲೆ ಗಾಲಿ ತಿರುಗಿ ಆ ಭಾರದ ದೊಡ್ಡ ಪಾಲನ್ನು ತಾನೇ ಹೊರುತ್ತದೆ. ಹಳೆಯದರಲ್ಲಿ ಕೈಗೆ ಉಳಿಯುವ ಪಾಲು ಹೆಚ್ಚು, ಈಗ ಬರುವ ಮೇಲ್ದರ್ಜೆಯದರಲ್ಲಿ ಬಹಳ ಕಡಿಮೆ. ಬಾಣದ ವೇಗವೂ ಸ್ವಲ್ಪ ಹೆಚ್ಚುತ್ತದೆ, ಸದ್ದು ಕುಗ್ಗುತ್ತದೆ, ಬಿಟ್ಟ ಮೇಲೆ ಕೈ ಜುಮ್ಮೆನ್ನುವುದಿಲ್ಲ. ಕಣ್ಣು ಮಾತ್ರ ಹಳೆಯದೇ ಇರುತ್ತದೆ. ಅದನ್ನು ಯಾವ ಕಂಪನಿಯೂ ಇನ್ನೂ ಮಾಡಿಲ್ಲ.

"ಅಂದರೆ ನಿಮಗೆ ಹೊಡೆಯಲಿಕ್ಕೆ ಅಲ್ಲ, ಕಾಯಲಿಕ್ಕೆ ಒಂದು ಬಿಲ್ಲು ಬೇಕು," ಎಂದೆ.

"ಹಾಗೇ ಅಂದುಕೊಳ್ಳಿ."

"ಒಳ್ಳೆ ಕಥೆ ಪೊರ್ಬುಗಳೇ. ಕಾಯಲಿಕ್ಕೆ ಕುರ್ಚಿ ಸಾಕು, ಸೋವಿಯಲ್ಲಿ ಕೊಡ್ತೇನೆ."

ಅವನು ನಗಲಿಲ್ಲ. ಗೋಡೆಯಲ್ಲಿದ್ದ ಹೊಸದನ್ನು ಇಳಿಸಿ ಅವನ ಕೈಗೆ ಕೊಟ್ಟೆ. ಅಂಗಡಿಯ ಹಿಂದಿನ ಓಣಿಯಲ್ಲಿ ಎಳೆದು ನಿಂತ. ಪಕ್ಕದ ಟೈಲರು ಒಂದು ಕಾಲರು ಹೊಲಿದು ಮುಗಿಸುವವರೆಗೂ ಬಾಣದ ಮೊನೆ ಅಲ್ಲಾಡಲಿಲ್ಲ. ಬೆಲೆ ಕೇಳಿ ಶಿಲುಬೆಯ ಗುರುತು ಹಾಕಿಕೊಂಡ.

"ಈಗಲೇ ಕೊಡಬೇಡಿ. ತೆಗೆದುಕೊಂಡು ಹೋಗಿ, ಒಂದು ಬೇಟೆ ನೋಡಿ, ಆಮೇಲೆ ಮಾತಾಡುವ," ಎಂದೆ. ಒಮ್ಮೆ ಕೈಗೆ ಹೊಂದಿದ ಬಿಲ್ಲನ್ನು ಯಾರೂ ಹಿಂದಕ್ಕೆ ತರುವುದಿಲ್ಲ ಎಂಬುದು ನನ್ನ ಧೈರ್ಯ.

ಹಾಶಿಮನ ತೊಡೆ ಕೂಡಿ ಬರುವಷ್ಟರಲ್ಲಿ ಬೇಸಿಗೆ ಕಳೆದು ಬೇಟೆಯ ಕಾಲ ಬಂತು. ಮೊದಲ ಅತಿಥಿ ಅಬ್ದುಲ್ ರವೂಫ್ ಹಾಜಿ, ನಮ್ಮೂರಿನ ಕಡೆಯವರೇ, ಕಟ್ಟಡದ ಕಂತ್ರಾಟುದಾರರು. ಅವರ ಕೈಯಲ್ಲಿದ್ದದ್ದೂ ನಾನು ಮಾರಿದ ಹೊಸ ಬಿಲ್ಲೇ. ಅದನ್ನು ಹೊಂದಿಸಿ ಕೊಡುವ ನೆಪದಲ್ಲಿ ನಾನೂ ಹೋಗಿದ್ದೆ.

ಒರಿಕ್ಸ್ ಅಡ್ಡಕ್ಕೆ ನಿಂತಿತ್ತು, ಮೈ ಪೂರ್ತಿ ಎದುರಿಗೆ. ಹಾಜಿ ಹೊಟ್ಟೆಗೇ ಹೊಡೆದರು. ಬಾಣ ಬುಡದವರೆಗೆ ಹೋಯಿತು. ಪ್ರಾಣಿ ಬೆನ್ನು ಗೂನು ಮಾಡಿ ನಾಲ್ಕು ಹೆಜ್ಜೆ ನಡೆದು ಗಾಫ್ ಮರದ ಬುಡದಲ್ಲಿ ಮಲಗಿತು. ಬಾಣದ ಪಕ್ಕದಿಂದ ಹಸಿರು ಬೆರೆತ ರಕ್ತ ಸೋರಿ ಮರಳಿಗೆ ಇಳಿಯುತ್ತಿತ್ತು.

"ನೋಡಿದ್ಯಾ ರಶೀದ, ಹೊಸ ಬಿಲ್ಲಿನ ಪವರು!" ಎಂದರು ಹಾಜಿ. ಕೂಡಲೇ ಕಿರುಚಿದರು, "ಓಡೋ ಹಾಶಿಮ್! ಜೀವ ಹೋದರೆ ಮಾಂಸ ನಾಯಿಗೆ!"

ಹಾಶಿಮ್ ಕುಂಟುತ್ತಲೇ ಓಡಿದ. ಲಿಯೊನೆಲ್ ಬದಿಗೆ ಸರಿದು ಬಿಲ್ಲು ಎಳೆದ. ಹಾಶಿಮ್ ಹಿಂದಿನಿಂದ ಹೋಗಿ ಕೊಂಬಿಗೆ ಕೈ ಹಾಕಬೇಕು ಎನ್ನುವಾಗ ಅದು ಎದ್ದಿತು. ಎದ್ದು, ತಿರುಗಿ, ಗಲ್ಲವನ್ನು ಎದೆಗೆ ಒತ್ತಿತು. ಕೊಂಬು ನೆಲಕ್ಕೆ ಸಮನಾಗಿ ಬಂತು.

"ಹಾಜಿಯವರೇ, ಬಿಡ್ಲಾ?"

"ನಿಲ್ಲು, ನಿಲ್ಲು! ನನ್ನ ಬಾಣಕ್ಕೇ ಬೀಳ್ತದೆ."

ಲಿಯೊನೆಲ್ ನಿಂತ. ಏನು ನಿಲುವು ಅದು! ತೋಳು ನಡುಗಲಿಲ್ಲ, ಉಸಿರು ಕೆಡಲಿಲ್ಲ. ನಾನು ಮಾರುವ ಸಾಮಾನು ಅಷ್ಟು ಚೆನ್ನಾಗಿ ಕೆಲಸ ಮಾಡುವುದನ್ನು ನಾನೇ ಎಂದೂ ನೋಡಿರಲಿಲ್ಲ. ಹಾಶಿಮ್ ಹಿಂದೆ ಹಿಂದೆ ಸರಿಯುತ್ತಿದ್ದ, ಕುಂಟುಕಾಲು ಮರಳಲ್ಲಿ ಹೂತಿತು. ಲಿಯೊನೆಲ್ ಇನ್ನೂ ಹಿಡಿದೇ ನಿಂತಿದ್ದ.

ಕೊಂಬು ಹಾಶಿಮನ ಕಂಕುಳ ಕೆಳಗೆ ಹೊಕ್ಕು, ಪಕ್ಕೆಲುಬಿನ ಮೇಲೆ ಉಜ್ಜುತ್ತ ಹೋಗಿ, ಬೆನ್ನಿನ ಕಡೆಯಿಂದ ಅಂಗಿಯನ್ನು ಹರಿದುಕೊಂಡು ಹೊರಬಂತು. ಪ್ರಾಣಿ ತಲೆ ಎತ್ತಿತು. ಹಾಶಿಮನ ಎರಡೂ ಕಾಲು ನೆಲ ಬಿಟ್ಟವು. ಒಮ್ಮೆ ಒದರಿ ಅವನನ್ನು ಮರದ ಬುಡಕ್ಕೆ ಎಸೆದು, ಮತ್ತೆ ಚುಚ್ಚಲು ಮುಂಗಾಲು ಮಡಚಿತು.

ಆಗ ಲಿಯೊನೆಲ್ ಬಿಟ್ಟ. ಬಾಣ ಹೆಗಲಿನ ಹಿಂದೆ ಹೊಕ್ಕು ಆಚೆಯಿಂದ ಹೊರಟು ಮರಳೆಬ್ಬಿಸಿತು. ಒರಿಕ್ಸಿಗೆ ಗೊತ್ತಾದಂತೆಯೂ ಕಾಣಲಿಲ್ಲ. ಇನ್ನೊಂದು ಹೆಜ್ಜೆ ಇಟ್ಟು, ಮೂಗಿನಿಂದ ಕೆಂಪು ನೊರೆ ಊದಿ, ಹಾಶಿಮನ ಕಾಲಿನ ಮೇಲೆಯೇ ಕುಸಿಯಿತು.

"ಕೊಯ್ಯಿ! ಇನ್ನೂ ಜೀವ ಉಂಟು, ಕೊಯ್ಯಿ!" ಎಂದು ಹಾಜಿ ಕೂಗುತ್ತಿದ್ದರು. ಹಾಶಿಮನ ಬಲಗೈ ನೇತಾಡುತ್ತಿತ್ತು. ಬಿದ್ದಿದ್ದ ಕತ್ತಿಯನ್ನು ಕೊನೆಗೆ ನಾನೇ ಎತ್ತಿಕೊಂಡೆ. ಬಿಸಿ ರಕ್ತ ಮೊಣಕೈವರೆಗೆ ಹಾರಿತು. ಅದರ ಕಣ್ಣು ಆರುವ ತನಕ ನಾನು ಕೊಂಬು ಬಿಡಲಿಲ್ಲ.

ತಿರುಗಿ ನೋಡಿದರೆ ಲಿಯೊನೆಲ್ ಹಾಜಿಯ ಕುತ್ತಿಗೆಪಟ್ಟಿ ಹಿಡಿದು ದರದರ ಎಳೆದು ತರುತ್ತಿದ್ದ. ಅವರ ಶಾಲನ್ನು ಕಿತ್ತು ಮುದ್ದೆ ಮಾಡಿ ಹಾಶಿಮನ ಗಾಯಕ್ಕೆ ತುರುಕಿ, ಅವರ ಕೈಯನ್ನೇ ಅದರ ಮೇಲೆ ಒತ್ತಿದ.

"ಹಿಡೀರಿ. ಕೈ ತೆಗೆದ್ರೆ ಮುಂದಿನ ಬಾಣ ನಿಮಗೇ. ಯಲ್ಲಾ ಕೇಳುವುದಿಲ್ಲ."

ಆಸ್ಪತ್ರೆಯವರೆಗೂ ಹಾಜಿ ಕೈ ತೆಗೆಯಲಿಲ್ಲ. ತೋಟದ ಮ್ಯಾನೇಜರಿಗೆ ದೂರನ್ನೂ ಕೊಡಲಿಲ್ಲ. ಕೊಟ್ಟರೆ ಕುತ್ತಿಗೆಪಟ್ಟಿಯ ಕಥೆಯನ್ನೂ ಹೇಳಬೇಕಿತ್ತಲ್ಲ.

ಶ್ವಾಸಕೋಶಕ್ಕೆ ಗಾಯವಾಗಿರಲಿಲ್ಲ, ಹಾಶಿಮ್ ಬದುಕಿದ. ಲಿಯೊನೆಲ್ ಬಿಲ್ಲನ್ನು ಒರೆಸಿ ಫಳಫಳ ಮಾಡಿಕೊಂಡು ಅಂಗಡಿಗೆ ಬಂದ.

"ವಾಪಸ್ ತಗೊಳ್ಳಿ ರಶೀದಾಕ."

"ಎಂಥ ತೊಂದರೆ ಉಂಟು ಅದರಲ್ಲಿ?"

"ಎಂಥದೂ ಇಲ್ಲ. ಹಳೆಯದಾಗಿದ್ದರೆ ಅಷ್ಟು ಹೊತ್ತಿಗೆ ಕೈ ಸೋಲ್ತಿತ್ತು, ಬಾಣ ಹೋಗ್ತಿತ್ತು. ಇದರಲ್ಲಿ ಕೈಯೇ ಸೋಲುವುದಿಲ್ಲ. ನಾನು ದೊಡ್ಡ ಮರ್ಯಾದಸ್ಥನ ಹಾಗೆ ನಿಂತುಬಿಟ್ಟೆ, ಮದುವೆ ಫೋಟೋಕ್ಕೆ ನಿಂತ ಹಾಗೆ."

"ಮೊದಲ ಸಲ ಹಳೆಯದೇ ಇತ್ತಲ್ಲ ಮಾರಾಯ್ರೆ?"

"ಅವತ್ತು ಹೆದೆ ಇಳಿಸಿದೆ. ಇಳಿಸಬಾರದಿತ್ತು, ಬಿಡಬೇಕಿತ್ತು." ಹೊಸ ಬಿಲ್ಲನ್ನು ನನ್ನ ಕಡೆ ದೂಡಿ ಹೇಳಿದ, "ಹಾಶಿಮ್ ಪುನಃ ಬರ್ತೇನೆ ಅಂತಾನೆ. ವೀಸಾ ಅಲ್ಲೇ ಉಂಟು, ಎಲ್ಲಿಗೆ ಹೋಗ್ತಾನೆ? ಮೂರನೇ ಸಲ ಅವನು ಉಳಿಯುವುದಿಲ್ಲ ರಶೀದಾಕ."

ಭುಜಕ್ಕೆ ಪೆಟ್ಟಾದವನಿಗೆ, ಕೈಯಳತೆಗೆ ಹೊಂದದ ಬಿಲ್ಲಿನಲ್ಲಿ ಒದ್ದಾಡುವವನಿಗೆ ಹೊಸದು ಕೊಳ್ಳಿ ಎಂದು ನಾನು ಕಣ್ಣು ಮುಚ್ಚಿ ಹೇಳುತ್ತೇನೆ. ಉಳಿದವರಿಗೂ ಹೇಳುತ್ತೇನೆ, ಕಣ್ಣು ತೆರೆದು. ಲಿಯೊನೆಲ್ ಎರಡೂ ಗುಂಪಿನವನಲ್ಲ. ಬಿಸಾಡದೆ ಒಳಗಿಟ್ಟಿದ್ದ ಅವನ ಹಳೆಯ ಬಿಲ್ಲಿಗೆ ಹೊಸ ಹೆದೆ ಕಟ್ಟಿ, ಗಾಲಿ ನೋಡಿ, ಗುರಿ ಹೊಂದಿಸಿ ಕೊಟ್ಟೆ.

"ಎಳೆಯುವುದು ಸ್ವಲ್ಪ ಹಗುರ ಮಾಡ್ಲಾ?"

"ಬೇಡ. ಭಾರ ಇರಲಿ."

ಚಳಿಗಾಲದ ಕೊನೆಗೆ ಟೆಂಟು ತಲುಪಿಸಲು ಆ ಕಡೆ ಹೋದಾಗ ಬೇಟೆ ನಡೆಯುತ್ತಿತ್ತು. ಅತಿಥಿ ಅರ್ಶದ್, ಭಟ್ಕಳದ ಜವಳಿ ವ್ಯಾಪಾರಿ, ಮಾತಿನಲ್ಲಿ ಸಭ್ಯ. ಬಾಣ ಮಾತ್ರ ಪಾಪದ ಪ್ರಾಣಿಯ ಹಿಂದೊಡೆಗೆ ಹೋಯಿತು. ಮೂಳೆ ಮುರಿದು ಕಾಲು ಚರ್ಮದಲ್ಲಿ ನೇತಾಡುತ್ತಿತ್ತು. ಅದು ಮೂರೇ ಕಾಲಲ್ಲಿ ಸುತ್ತು ತಿರುಗಿ ಹಾಶಿಮನ ಕಡೆ ಮುಖ ಮಾಡಿತು. ಹಾಶಿಮನ ಬಲಗೈ ಮೊದಲಿನಷ್ಟು ಮೇಲೇಳುವುದಿಲ್ಲ. ಕತ್ತಿಯನ್ನು ಸೊಂಟದ ಹತ್ತಿರ ಹಿಡಿದಿದ್ದ.

ಲಿಯೊನೆಲ್ ಎಳೆದ. ತೋಳಿನ ನರ ಉಬ್ಬಿತು.

"ಸ್ವಲ್ಪ ನಿಲ್ಲಿ," ಎಂದ ಅರ್ಶದ್, "ನಾನೇ ಇನ್ನೊಂದು—"

ಕೊಂಬು ತಗ್ಗಿತು. ಟಪ್ ಎಂದು ಹೆದೆಯ ಸದ್ದು. ಬಾಣ ಪಕ್ಕೆಯಲ್ಲಿ ಹೊಕ್ಕು ಎದೆಯೊಳಗೆ ಅಡ್ಡಲಾಗಿ ನಿಂತಿತು. ಒರಿಕ್ಸ್ ಓಡಲು ಹೋಗಿ ಮುಖ ಅಡಿಯಾಗಿ ಬಿದ್ದು, ಕೊಂಬನ್ನು ಮರಳಿಗೆ ಹುಗಿದು ಒದ್ದಾಡಿತು. ಹಾಶಿಮ್ ಮೊಣಕಾಲಿನಿಂದ ಅದರ ಕುತ್ತಿಗೆ ಒತ್ತಿ, ಬಿಸ್ಮಿ ಹೇಳಿ, ಒಂದೇ ಎಳೆತಕ್ಕೆ ಕೊಯ್ದ.

ಅರ್ಶದ್ ಮುಖ ಕೆಂಪಾಗಿತ್ತು. "ನಾನು ಯಲ್ಲಾ ಹೇಳಲೇ ಇಲ್ಲವಲ್ಲ!"

"ಸಾರಿ ಸರ್." ಲಿಯೊನೆಲ್ ತಲೆ ತಗ್ಗಿಸಿ ತೋಳು ಉಜ್ಜಿಕೊಂಡ. "ಹಳೆ ಬಿಲ್ಲು. ಹಿಡಿದು ನಿಲ್ಲಲಿಕ್ಕೆ ಆಗುವುದಿಲ್ಲ. ಕೈ ಸೋತಿತು, ಹೋಯಿತು."

"ಕೈ ಸೋತು ಹೋದ ಬಾಣ ಅಷ್ಟು ಸರಿಯಾಗಿ ಹೋಯ್ತಾ?"

"ನಿಮ್ಮ ಅದೃಷ್ಟ ಸರ್. ಬಿದ್ದದ್ದು ನಿಮ್ಮ ಬಾಣಕ್ಕೇ, ಇದು ಸುಮ್ಮನೆ ಹೊಕ್ಕದ್ದು."

ಅರ್ಶದ್ ಪ್ರಾಣಿಯನ್ನೂ ಬಿಲ್ಲನ್ನೂ ನೋಡಿದ. ಅವನ ಕೋಪ ಕನಿಕರಕ್ಕೆ ತಿರುಗುವುದು ನಮಗೆಲ್ಲ ಕಂಡಿತು. "ಒಂದು ಹೊಸದು ತಗೊಳ್ಳಿ ಮಾರಾಯ್ರೆ," ಎಂದ. "ಇಂಥ ಕೆಲಸಕ್ಕೆ ಇದನ್ನೆಲ್ಲ ಇಟ್ಟುಕೊಂಡರೆ ಹೇಗೆ? ಇಗೋ, ಅಂಗಡಿಯವರೇ ಇಲ್ಲಿದ್ದಾರೆ."

ಎಲ್ಲರೂ ನನ್ನ ಕಡೆ ನೋಡಿದರು. ಇಂಥ ಗಿರಾಕಿಯನ್ನು ಕೈಯಾರೆ ಬಿಡುವುದು ನನ್ನ ರಕ್ತದಲ್ಲಿಲ್ಲ. ಆದರೆ ಹಾಶಿಮ್ ಕುಳಿತಲ್ಲಿಂದಲೇ, ಕತ್ತಿಯನ್ನು ಪ್ರಾಣಿಯ ರೋಮಕ್ಕೆ ಒರೆಸುತ್ತ ನನ್ನನ್ನು ನೋಡುತ್ತಿದ್ದ.

"ಸ್ಟಾಕ್ ಮಾಫಿ, ಒಂದೂ ಇಲ್ಲ," ಎಂದೆ.