ಮುಳುಗಿದ ಕೋಟೆಯ ಕಾವಲುಗಾರ

ವರದಾ ಮತ್ತೆ ಸತ್ತಳು. ಟಿ.ವಿ. ಪರದೆಯ ಮೇಲೆ ಕೆಂಪು ಅಕ್ಷರಗಳು ಮೂಡಿದವು. ಮುಳುಗಿದ ಕೋಟೆಯ ಕಾವಲುಗಾರ ಗದೆಯನ್ನು ಹೆಗಲಿಗೇರಿಸಿಕೊಂಡು ಕತ್ತಲೆಯೊಳಕ್ಕೆ ಹೊರಟುಹೋದ. ಸತ್ತವಳ ಕಡೆ ತಿರುಗಿಯೂ ನೋಡಲಿಲ್ಲ. ಅವಳಿಗೆ ಮೈಯೆಲ್ಲ ಉರಿಯುತ್ತಿದ್ದದ್ದು ಅದಕ್ಕೇ. ಹೊಡೆದರೆ ಹೊಡೆಯಲಿ, ಇಷ್ಟು ಸೊಕ್ಕು ಯಾಕೆ?

ಜಹೀರಾಬಾದಿನ ಖಾಸಗಿ ಶಾಲೆಯೊಂದರಲ್ಲಿ ಎಲ್‌ಕೆಜಿ ಮಕ್ಕಳಿಗೆ ಪಾಠ ಹೇಳುವ ವರದಾ ಮಧ್ಯಾಹ್ನಕ್ಕೆ ಮನೆಗೆ ಬರುತ್ತಾಳೆ. ಗಂಡ ಮಿಲಿಂದ್ ಆಗ ಟ್ರ್ಯಾಕ್ಟರ್ ಕಾರ್ಖಾನೆಯ ಆಫೀಸಿನಲ್ಲಿರುತ್ತಾನೆ. ಅತ್ತೆ ಭಾಗೀರಥೀಬಾಯಿ ಊಟ ಮುಗಿಸಿ ಒಳಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಮಲಗುತ್ತಾರೆ. ಅತ್ತೆಯ ನಿದ್ದೆ ಕೆಡಿಸಬಾರದೆಂಬುದು ಆ ಮನೆಯಲ್ಲಿ ಯಾರೂ ಹೇಳದೆ ನಡೆದುಬಂದ ಕಾಯಿದೆ. ಚಮಚ ಕೂಡ ಬಟ್ಟಲಿಗೆ ತಾಗಬಾರದು. ಹಾಗಾಗಿ ವರದಾ ಟಿ.ವಿ.ಯ ಸದ್ದನ್ನು ಪೂರಾ ಬಂದ್ ಮಾಡಿಯೇ ಆಡುತ್ತಿದ್ದಳು.

ಟಿ.ವಿ.ಗೆ ಜೋಡಿಸಿ ಆಡುವ ಆ ವಿಡಿಯೋ ಗೇಮಿನ ಪೆಟ್ಟಿಗೆ ಅವಳ ಅಣ್ಣ ರಾಮಚಂದ್ರನದು. ಆತ ತಾಂಡೂರಿನಲ್ಲಿ ಗುಮಾಸ್ತ. ಬೇಸಿಗೆಯಲ್ಲಿ ಬಂದಾಗ ಅದನ್ನು ತಂದಿಟ್ಟು, "ಇದನ್ನರ ಮುಗಸ್ತಿ ಏನ್ ನೋಡಮು" ಎಂದು ನಕ್ಕು ಹೋಗಿದ್ದ. ನಾರಾಯಣಖೇಡದ ತವರಿನಲ್ಲಿ ವರದಾ ಎಂದರೆ ಆರಂಭಶೂರೆ ಎಂದೇ ಹೆಸರು. ಹಾರ್ಮೋನಿಯಂ ಸಾ-ರಿ-ಗ-ಮ ದಾಟಲಿಲ್ಲ, ಸ್ವೆಟರಿಗೆ ಒಂದೇ ತೋಳು ಬಂತು, ಬಿ.ಎಡ್. ಮದುವೆಯ ಗದ್ದಲದಲ್ಲಿ ಅರ್ಧಕ್ಕೇ ಉಳಿಯಿತು. ಮೊದಲೆರಡಕ್ಕೆ ಅವಳೂ ಕೂಡಿ ನಗುತ್ತಿದ್ದಳು. ಬಿ.ಎಡ್. ಮಾತು ಬಂದರೆ ಮಾತ್ರ ಎದ್ದು ಒಳಗೆ ಹೋಗುತ್ತಿದ್ದಳು. ಹಿಡಿದದ್ದನ್ನು ಒಮ್ಮೆಯಾದರೂ ಗೆದ್ದು ಅಣ್ಣನ ಮುಂದೆ ನಿಲ್ಲಬೇಕು ಎಂಬ ಹಟ ಅವಳಿಗೆ. ಈಗ ಅಣ್ಣನಿಗೆ ಬೇರೆ ಊರಿಗೆ ವರ್ಗವಾಗಿತ್ತು. ಪೆಟ್ಟಿಗೆ ಒಯ್ಯಲು ಈ ಭಾನುವಾರ ಬರುವವನಿದ್ದ.

ಆ ಕೋಟೆಯಾದರೂ ಎಂಥದ್ದು! ಮೊಣಕಾಲುದ್ದ ಹಸಿರು ನೀರು, ಪಾಚಿ ಹಿಡಿದ ಕಂಬಗಳು, ದೂರದಲ್ಲೊಂದು ದೀವಟಿಗೆ. ಹೊರಗೆ ಬಿಸಿಲು ಚುರುಗುಡುತ್ತಿದ್ದರೂ ಆಡುತ್ತ ಆಡುತ್ತ ಅವಳು ಸೆರಗು ಹೊದ್ದುಕೊಳ್ಳುತ್ತಿದ್ದಳು. ಕೊನೆಯ ಕಮಾನಿನ ಕೆಳಗೆ ಅವನು, ಗದೆಗೆ ಉದ್ದನೆಯ ಸರಪಳಿ ಕಟ್ಟಿಕೊಂಡ ಕಾವಲುಗಾರ. ಗದೆ ಎತ್ತಿದವನು ಒಮ್ಮೆ ತಟ್ಟನೆ ಬಡಿಯುತ್ತಿದ್ದ, ಇನ್ನೊಮ್ಮೆ ಎತ್ತಿದ ಕೈ ಎತ್ತಿದಂತೆಯೇ ಕಾಯುತ್ತಿದ್ದ. ಬೇಗ ಜಿಗಿದರೆ ಇಳಿದ ಜಾಗದಲ್ಲೇ ಬಡಿತ, ತಡವಾದರೆ ನಿಂತಲ್ಲೇ ಬಡಿತ. ಕಣ್ಣಿಗೆ ಎರಡಕ್ಕೂ ಏನೇನೂ ವ್ಯತ್ಯಾಸ ಕಾಣದು. ಈ ಆಟ ಕಟ್ಟಿದ ಪುಣ್ಯಾತ್ಮರಿಗೆ ಆಡುವವರ ಮೇಲೆ ಯಾವ ಜನ್ಮದ ಸೇಡಿತ್ತೋ!

ಭಾನುವಾರ ಊಟವಾದ ಮೇಲೆ ಮಿಲಿಂದ್ ರಾಮಚಂದ್ರನನ್ನು ಕರೆತರಲು ಬಸ್‌ಸ್ಟ್ಯಾಂಡಿಗೆ ಹೋದ. ವರದಾ ಕೂತಳು, ಸತ್ತಳು. ಮತ್ತೆ ಕೂತಳು, ಮತ್ತೆ ಸತ್ತಳು. ಕೈಯಲ್ಲಿದ್ದ ಆಟದ ರಿಮೋಟನ್ನು ಚಾಪೆಯ ಮೇಲೆ ಕುಕ್ಕಿದಳು. ಕಣ್ಣು ತುಂಬಿ ಬಂತು.

"ಮತ್ತ ಸತ್ತೇನು?" ಒಳಕೋಣೆಯಿಂದ ದನಿ ಬಂತು.

ವರದಾ ಗಡಬಡಿಸಿ ಕಣ್ಣೊರೆಸಿಕೊಂಡಳು. "ಅತ್ಯಾ, ಮಲಗಿಲ್ಲೇನ್ರಿ?"

ಬಾಗಿಲು ತೆರೆದು ಭಾಗೀರಥೀಬಾಯಿ ಹೊರಗೆ ಬಂದರು. ಕಣ್ಣಲ್ಲಿ ನಿದ್ದೆಯ ಸುಳಿವೇ ಇಲ್ಲ. "ನಾ ಮಧ್ಯಾಹ್ನ ಎಂದ ಮಲಗೀನಿ? ಸಾಲಿಯಿಂದ ದಣದ ಬರ್ತಾಳ, ಒಂದ್ ತಾಸ ತನ್ನಷ್ಟಕ್ಕ ಇರ್ಲಿ ಅಂತ ಒಳಗ ಬಿದ್ದಿರ್ತೀನಿ. ನಿನ್ನ ಟಕಟಕ ದಿನಾ ಕೇಳ್ತೀನಿ, ಆಮ್ಯಾಲ 'ಮತ್ತ ಸತ್ತೆ' ಅಂತ ನಿನ್ನ ನಿಟ್ಟುಸಿರು ಕೇಳ್ತೀನಿ. ಆದ್ರ ಆ ಆಟಕ್ಕ ಬಾಯೇ ಇಲ್ಲೇನು?"

"ಅದ ರೀ. ನಿಮ್ಮ ನಿದ್ದಿ ಕೆಡ್ತದಂತ ನಾನೇ ಬಂದ್ ಮಾಡೀನಿ."

ಅತ್ತೆ ಸೊಸೆಯ ಮುಖ ನೋಡಿದರು, ಸೊಸೆ ಅತ್ತೆಯ ಮುಖ ನೋಡಿದಳು. ಇಷ್ಟು ದಿನ ಒಬ್ಬರಿಗಾಗಿ ಒಬ್ಬರು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದರು. ವರದಾಳಿಗೆ ಅಳುವಿನಲ್ಲೇ ನಗು ಬಂತು.

"ಜರಾ ಆವಾಜ್ ಹಚ್ಚು," ಎಂದು ಭಾಗೀರಥೀಬಾಯಿ ಪಕ್ಕದಲ್ಲೇ ಕೂತರು.

ಸದ್ದು ಬಂದದ್ದೇ ತಡ, ನಡುಮನೆಗೆ ಕೋಟೆಯೇ ಹೊಕ್ಕಂತಾಯಿತು. ಎಲ್ಲೋ ಮೇಲಿನಿಂದ ತೊಟ್ಟಿಕ್ಕುವ ನೀರು, ಕಂಬಗಳ ನಡುವೆ ಸುಳಿಯುವ ಗಾಳಿ. ಆಮೇಲೆ ಕಲ್ಲಿನ ಮೇಲೆ ಸರಪಳಿ ಎಳೆಯುವ ಸದ್ದು, ಹತ್ತಿರ ಹತ್ತಿರ. ಭಾಗೀರಥೀಬಾಯಿ ಸೊಸೆಯ ತೋಳು ಹಿಡಿದುಕೊಂಡರು. ವರದಾಳ ರೋಮಗಳು ನಿಮಿರಿ ನಿಂತವು. ಭಯವೂ ಆಯಿತು, ಇನ್ನಿಲ್ಲದ ಖುಷಿಯೂ ಆಯಿತು. ಇಷ್ಟು ದಿನ ತಾನು ಆಡಿದ್ದು ಅರ್ಧ ಆಟ ಮಾತ್ರ!

ಕಾವಲುಗಾರ ಒಂದೇ ಏಟಿಗೆ ಕೊಂದ. ಎರಡನೆಯ ಸಲವೂ ಕೊಂದ. ಅಷ್ಟರಲ್ಲಿ ಅತ್ತೆ, "ತಡಿ. ಸರಪಳಿ ಸಪ್ಪಳ ನಿಂತ ಮ್ಯಾಲೇ ಹೊಡಿತಾನ ಅಂವ. ಸಪ್ಪಳ ಇರೂತನಕ ಖಾಲಿ ಹೆದರಸ್ತಾನ," ಎಂದರು.

ವರದಾಳಿಗೂ ಹಾಗೇ ಕೇಳಿಸಿತ್ತು, ನಂಬಿಕೆ ಬಂದಿರಲಿಲ್ಲ. ಈ ಸಲ ಅವಳು ಗದೆ ನೋಡಲಿಲ್ಲ, ಕಿವಿಗೊಟ್ಟಳು. ಸರಪಳಿ ಗರಗರ ಎಂದಿತು. ನಿಂತಳು. ಇನ್ನೂ ಎಂದಿತು. ಇನ್ನೂ ನಿಂತಳು. ತಟ್ಟನೆ ಮೌನ. ಜಿಗಿದಳು. ಗದೆ ಬರಿ ನೀರಿಗೆ ಬಿತ್ತು, ಅವಳ ಕತ್ತಿ ಅವನ ಪಕ್ಕೆಗೆ ಇಳಿಯಿತು.

ಹೊರಗೆ ಗೇಟು ಕಿರುಗುಟ್ಟಿತು. "ವರದಾ, ಸಾಮಾನ ಕಟ್ಟಿಟ್ಟೀ ಇಲ್ಲ?" ಎನ್ನುತ್ತ ರಾಮಚಂದ್ರ ಒಳಗೆ ಕಾಲಿಟ್ಟ, ಹಿಂದೆ ಮಿಲಿಂದ್. ಭಾಗೀರಥೀಬಾಯಿ ತಿರುಗದೆಯೇ ಕೈಯೆತ್ತಿದರು. "ಬರ್ರಿ, ಕೂಡ್ರಿ. ಆದ್ರ ಮಾತಾಡಬ್ಯಾಡ್ರಿ." ಬೀಗರಿಗೆ ನೀರು ಕೊಡದೆ ಅವರು ಹೀಗೆ ಕೂರಿಸಿದ್ದು ಅದೇ ಮೊದಲು.

ಸರಪಳಿ, ಮೌನ, ಜಿಗಿತ, ಕತ್ತಿ. ಅಂಗೈ ಬೆವತು ರಿಮೋಟು ಜಾರುತ್ತಿತ್ತು. ಕೊನೆಗೆ ಕಾವಲುಗಾರ ಮೊಣಕಾಲೂರಿದ, ಗದೆ ಕೈಜಾರಿತು, ನೀರಿನೊಳಗೆ ಆ ದೊಡ್ಡ ದೇಹ ಮಗುಚಿಬಿತ್ತು. ಕಮಾನಿನ ಬಾಗಿಲು ತೆರೆಯಿತು. ಆಚೆ ಮೆಟ್ಟಿಲುಗಳು ಕೆಳಗಿಳಿಯುತ್ತಿದ್ದವು. ವರದಾ ಹೋ ಎಂದು ಕೂಗಿ ಅತ್ತೆಯ ಕೊರಳಿಗೆ ಬಿದ್ದಳು. ಮದುವೆಯಾದ ಮೇಲೆ ಆ ಮನೆಯಲ್ಲಿ ಅವಳು ಅಷ್ಟು ಜೋರಾಗಿ ಕೂಗಿದ್ದೇ ಇಲ್ಲ.

ರಾಮಚಂದ್ರ ಪರದೆಯನ್ನೇ ನೋಡುತ್ತ ನಿಂತಿದ್ದ.

"ಆ ಮೆಟ್ಟಲಾ ಎಲ್ಲಿಗಿ ಹೋಗ್ತಾವ್ರಿ?" ಭಾಗೀರಥೀಬಾಯಿ ಅವನನ್ನು ಕೇಳಿದರು.

"ನನಗ ಗೊತ್ತಿಲ್ರಿ," ಎಂದ ಅವನು, ಸಣ್ಣ ದನಿಯಲ್ಲಿ. "ನಾ ಅಲ್ಲಿತನಕ ಹೋಗೇ ಇಲ್ಲ. ಇಂವನ ಕೈಯಾಗ ಸೋತು ಸೋತು ಬ್ಯಾಸತ್ತೇ ಈಕಿಗಿ ತಂದ ಕೊಟ್ಟಿದ್ದೆ."

ಬೇರೆ ದಿನವಾಗಿದ್ದರೆ ವರದಾ ಇದಕ್ಕೆ ವರ್ಷವಿಡೀ ಅಣ್ಣನನ್ನು ಕಾಡುತ್ತಿದ್ದಳು. ಈಗ ಅವಳಿಗೆ ಪುರಸತ್ತಿರಲಿಲ್ಲ. ಚಾಪೆಯಲ್ಲಿ ಸ್ವಲ್ಪ ಸರಿದು ಅವನಿಗೆ ಜಾಗ ಮಾಡಿಕೊಟ್ಟಳು.

"ಸಂಜಿ ಬಸ್ಸಿಗಿ ಹೋಗ್ವಂತಿ, ಕೂಡು ಅಣ್ಣಾ," ಎಂದಳು, ಮೊದಲ ಮೆಟ್ಟಿಲು ಇಳಿಯುತ್ತ. "ಹ್ಯಾಂಗ ಅಂತ ತೋರಸ್ತೀನಿ."